ಸಂಘದ ಸಾಲಕ್ಕೆ ಮುಂಚೆ ರೇಷನ್ ಕಾರ್ಡ್

ಅರವತ್ತು ಸಾವಿರ ಸಾಲ, ಶೇ 24 ಬಡ್ಡಿ, 24 ಕಂತು. ತಿಂಗಳಿಗೆ 3,172 ರೂಪಾಯಿ. ನಮ್ಮ ಚಿಕ್ಕಪ್ಪನ ಮಗ ಹರ್ನಿಯಾ ಆಪರೇಷನ್‌ಗೆಂದು ಹೆಂಡತಿಯ ಹೆಸರಲ್ಲಿ ಎತ್ತಿದ ಸಂಘದ ಸಾಲದ ಜಾತಕ ಇದು. ದಾವಣಗೆರೆಯಲ್ಲಿ ಟೈಲ್ಸ್ ಹಾಕುವ ಕೆಲಸ ಅವನದು. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದೆ. ಆ ಕಾರ್ಡಿದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಅವನು ಹೋದದ್ದು ಮಾತ್ರ ಮನೆ ಹತ್ತಿರದ ನರ್ಸಿಂಗ್ ಹೋಮಿಗೆ, ಕೈಯಿಂದ ದುಡ್ಡು ಕಟ್ಟಿ.

ಯಾಕಪ್ಪಾ ಅಂದರೆ, "ಸರ್ಕಾರಿ ಆಸ್ಪತ್ರೇಲಿ ಇವತ್ತು ಬಾ ನಾಳೆ ಬಾ ಅಂತ ಅಲೆದಾಡಿಸ್ತಾರಣ್ಣ, ದುಡಿಮೆ ಹೋಗುತ್ತೆ" ಅಂದ. ಸುಳ್ಳಲ್ಲ. ಕೂಲಿ ಮಾಡುವವನಿಗೆ ಸರದಿಯಲ್ಲಿ ನಿಂತ ದಿನವೂ ಖರ್ಚೇ. ಸರಿ, ಅದನ್ನೂ ಲೆಕ್ಕಕ್ಕೆ ಹಿಡಿಯೋಣ. ದಿನಕ್ಕೆ 800 ರೂಪಾಯಿಯಂತೆ ಹತ್ತು ದಿನ ಪೂರ್ತಿ ಹಾಳಾಯಿತು ಅಂದುಕೊಂಡರೂ 8,000 ರೂಪಾಯಿ.

ಈಗ ಸಾಲದ ಕಡೆ ಬನ್ನಿ. 3,172ನ್ನು 24ರಿಂದ ಗುಣಿಸಿದರೆ 76,128. ಅದರಲ್ಲಿ ಅಸಲು ಕಳೆದರೆ ಬಡ್ಡಿಯೇ 16,128. ಅವನ ಹೆಂಡತಿಗೆ ಗೃಹಲಕ್ಷ್ಮಿಯ 2,000 ಬರುತ್ತದೆ. ಅಂದರೆ ಎಂಟು ತಿಂಗಳ ಗೃಹಲಕ್ಷ್ಮಿ ಬರೀ ಬಡ್ಡಿಗೆ ಹೋಯಿತು. ಇಪ್ಪತ್ನಾಲ್ಕು ತಿಂಗಳೂ ಒಂದೂ ತಪ್ಪದೆ ಬಂತು ಅಂತಲೇ ಇಟ್ಟುಕೊಳ್ಳಿ, ಒಟ್ಟು 48,000. ಅಷ್ಟನ್ನೂ ಕಂತಿಗೇ ಸುರಿದರೂ ಇನ್ನೂ 28,128 ರೂಪಾಯಿ ಕೂಲಿಯಿಂದ ಕಟ್ಟಬೇಕು. ಎರಡು ವರ್ಷ ಆ ಹೆಣ್ಣುಮಗಳ ಖಾತೆಗೆ ಸರ್ಕಾರ ಹಾಕುವ ದುಡ್ಡು ಅಲ್ಲಿ ಒಂದು ದಿನವೂ ನಿಲ್ಲುವುದಿಲ್ಲ.

ಇನ್ನೊಂದಿದೆ. ಕೈಗೆ ಬಂದದ್ದು ಅರವತ್ತಲ್ಲ, 58,000. ಪ್ರೊಸೆಸಿಂಗ್ ಫೀಸು, ವಿಮೆ ಅಂತ ಎರಡು ಸಾವಿರ ಮೊದಲೇ ಮುರಿದುಕೊಂಡಿದ್ದಾರೆ. 58,000 ಪಡೆದು 3,172ರಂತೆ 24 ಕಂತು ಕಟ್ಟಿದರೆ ಬಡ್ಡಿ ತಿಂಗಳಿಗೆ ಶೇ 2.3 ಬೀಳುತ್ತದೆ, ವರ್ಷಕ್ಕೆ ಶೇ 27.6. ಬಾಯಲ್ಲಿ ಹೇಳಿದ್ದು ಇಪ್ಪತ್ನಾಲ್ಕು.

ಆ ವಿಮೆ ಅನ್ನುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಾಲಗಾರ ಸತ್ತರೆ ಸಾಲ ತೀರುತ್ತದೆ, ಅಷ್ಟೇ. ಕಂಪನಿಯ ದುಡ್ಡಿಗೆ ಭದ್ರತೆ, ಪ್ರೀಮಿಯಂ ಮಾತ್ರ ಬಡವನ ಜೇಬಿನಿಂದ. ಕಂತು ಕಟ್ಟುತ್ತಾ ಹೋದಂತೆ ಬಾಕಿ ಕರಗುತ್ತದೆ, ರಕ್ಷಣೆಯೂ ಅದರ ಜೊತೆಗೇ ಕರಗುತ್ತದೆ. ಬ್ಯಾಂಕಿನಲ್ಲಿ ವರ್ಷಕ್ಕೆ 436 ರೂಪಾಯಿಗೆ ಜೀವನ್ ಜ್ಯೋತಿ ವಿಮೆ ಸಿಗುತ್ತದೆ, 2 ಲಕ್ಷ ನೇರ ನಾಮಿನಿಯ ಕೈಗೆ. ಇದನ್ನು ಮನೆ ಬಾಗಿಲಿಗೆ ಬಂದು ಹೇಳುವವರು ಯಾರೂ ಇಲ್ಲ, ಏಕೆಂದರೆ ಹೇಳಿದವರಿಗೆ ಅದರಲ್ಲಿ ಗಿಟ್ಟುವುದೇನೂ ಇಲ್ಲ.

ವಾರ್ಷಿಕ ಆದಾಯ 3 ಲಕ್ಷದೊಳಗಿನ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವನ್ನೇ ರಿಸರ್ವ್ ಬ್ಯಾಂಕ್ ಮೈಕ್ರೋಫೈನಾನ್ಸ್ ಎನ್ನುತ್ತದೆ. ಅಂಥ ಕುಟುಂಬ ಯಾವ ಓಣಿಯಲ್ಲಿದೆ, ಮನೆಯಲ್ಲಿ ದುಡಿಯುವವರೆಷ್ಟು, ಯಾರಿಗೆ ಕಾಯಿಲೆ, ಎಲ್ಲ ಸಂಘದವರಿಗೆ ಗೊತ್ತು, ಹುಡುಕಿಕೊಂಡು ಬರುತ್ತಾರೆ. ಅದೇ ಕುಟುಂಬ ಸರ್ಕಾರದ ನೆರವನ್ನು ತಾನೇ ಹುಡುಕಿಕೊಂಡು ಹೋಗಬೇಕು. ಹುಡುಕಾಟಕ್ಕೆಂದೇ ಕೇಂದ್ರ ಸರ್ಕಾರ 2022ರಲ್ಲಿ ಮೈಸ್ಕೀಮ್ ಎಂಬ ಪೋರ್ಟಲ್ ತೆರೆಯಿತು. ವಯಸ್ಸು, ಜಾತಿ, ಉದ್ಯೋಗ ಒತ್ತಿದರೆ ಉದ್ದನೆಯ ಪಟ್ಟಿ ಬರುತ್ತದೆ. ಓದಿದ ಮಕ್ಕಳಿದ್ದ ಮನೆಗೆ ಅದು ಉಪಯೋಗವೇ. ಆದರೆ ಆ ಪಟ್ಟಿಯಲ್ಲಿ ಯಾವುದು ಇವತ್ತು ಬೇಕು ಅಂತ ಪೋರ್ಟಲ್ ಹೇಳುವುದಿಲ್ಲ, ಮತ್ತು ಹೊಟ್ಟೆ ಹಿಡಿದುಕೊಂಡು ಕೂತವನು ಪಟ್ಟಿ ಓದುವುದಿಲ್ಲ. ನನ್ನ ಪ್ರಕಾರ ಹುಡುಕಾಟ ಶುರುವಾಗಬೇಕಾದದ್ದು ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ. ಆಗಲೇ ಇರುವ ಕಾಗದಗಳು ಏನೇನು ಕೊಡುತ್ತವೆ ಅಂತ ನೋಡಿ ಸಾಕು.

ಮೊದಲನೆಯದು ರೇಷನ್ ಕಾರ್ಡ್. ಅದನ್ನು ಅಕ್ಕಿಯ ಚೀಟಿ ಅಂತ ನೋಡುವವರೇ ಹೆಚ್ಚು. ಅದು ಆಸ್ಪತ್ರೆಯ ಚೀಟಿಯೂ ಹೌದು. ಸರ್ಕಾರಿ ಆಸ್ಪತ್ರೆಗೆ ಆಧಾರ್ ಮತ್ತು ಈ ಕಾರ್ಡ್ ಒಯ್ಯಬೇಕು. ಅಲ್ಲಿ ಆಗುವ ಚಿಕಿತ್ಸೆಯಾದರೆ ಅಲ್ಲೇ ಮುಗಿಯುತ್ತದೆ, ಹರ್ನಿಯಾ ಜಿಲ್ಲಾಸ್ಪತ್ರೆಗಳಲ್ಲಿ ದಿನನಿತ್ಯದ ಆಪರೇಷನ್. ಆಗದಿದ್ದರೆ ರೆಫರಲ್ ಬರೆದುಕೊಡುತ್ತಾರೆ, ಅದನ್ನು ಹಿಡಿದು ಯೋಜನೆಯಲ್ಲಿ ನೋಂದಾಯಿಸಿಕೊಂಡ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಸಂದರ್ಭಕ್ಕೆ ರೆಫರಲ್ ಬೇಡ, ನೇರ ಸೇರಿಸಬಹುದು. ಆಸ್ಪತ್ರೆಯೊಳಗೆ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಡಾಕ್ಟರಿಗಿಂತ ಮೊದಲು ಅವರನ್ನು ಹುಡುಕಿ. ಎಪಿಎಲ್‌ನವರು ಸುಮ್ಮನಾಗಬೇಡಿ, ಯೋಜನೆಯ ದರದಲ್ಲಿ ಶೇ 30ರಷ್ಟನ್ನು ನಿಮಗೂ ಸರ್ಕಾರ ಭರಿಸುತ್ತದೆ.

ಎರಡನೆಯದು ಲೇಬರ್ ಕಾರ್ಡ್. ನಮ್ಮವನ ಹತ್ತಿರ ಇರಲೇ ಇಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲೇ ಕಾನೂನು ಬಂದಿದೆ. ಕಟ್ಟಡದ ಖರ್ಚಿನಲ್ಲಿ ಶೇ 1 ಸೆಸ್ ವಸೂಲಾಗಿ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. 18ರಿಂದ 60ರೊಳಗಿನ ವಯಸ್ಸು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ, ಇಷ್ಟಿದ್ದರೆ ನೋಂದಣಿ ಆಗುತ್ತದೆ. ವೈದ್ಯಕೀಯ ನೆರವು, ಹೆರಿಗೆ, ಮಕ್ಕಳ ಓದು, ಮದುವೆ, ಅರವತ್ತರ ಮೇಲೆ ಪಿಂಚಣಿ, ಎಲ್ಲ ಆ ದುಡ್ಡಿನಲ್ಲೇ. ಇವನು ಟೈಲ್ಸ್ ಹಾಕಿದ ಅಪಾರ್ಟ್‌ಮೆಂಟುಗಳ ಸೆಸ್ಸೂ ಆ ನಿಧಿಯಲ್ಲಿದೆ. ಕಾರ್ಡು ಮಾಡಿಸಿಕೊಡುತ್ತೇನೆ ಅಂತ ಸಾವಿರ ಕೇಳುವವರಿಗೆ ಕೊಡಬೇಡಿ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214ಕ್ಕೆ ಫೋನ್ ಮಾಡಿ.

ಇಷ್ಟಾಗಿಯೂ ಅರ್ಜಿ ಬೀಳುವುದು ಎಲ್ಲಿ ಗೊತ್ತೇ? ಹೆಸರಿನಲ್ಲಿ. ಆಧಾರ್‌ನಲ್ಲಿ ಮಂಜುನಾಥ, ರೇಷನ್ ಕಾರ್ಡಿನಲ್ಲಿ ಮಂಜಪ್ಪ, ಪಾಸ್‌ಬುಕ್ಕಿನಲ್ಲಿ ಮಂಜುನಾಥ ಎಚ್. ಮೂರೂ ಒಬ್ಬನೇ ಅಂತ ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಮದುವೆಯಾಗಿ ಬಂದ ಸೊಸೆಯ ಹೆಸರು ವರ್ಷಗಟ್ಟಲೆ ತವರಿನ ಕಾರ್ಡಿನಲ್ಲೇ ಉಳಿದಿರುತ್ತದೆ. ಹಬ್ಬಕ್ಕೆ ಸುಣ್ಣ ಬಳಿಯಲು ಪುರುಸೊತ್ತು ಮಾಡಿಕೊಳ್ಳುವ ನಾವು ಇವನ್ನು ಸರಿಮಾಡಿಸಲು ಒಂದು ದಿನ ತೆಗೆಯುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಇ-ಕೆವೈಸಿಗೆ ಓಡಾಡುತ್ತೇವೆ. ಸಂಘದ ಕಂತಿನ ದಿನವನ್ನು ಒಂದು ಬಾರಿಯೂ ಮರೆಯದ ಹೆಂಗಸರು ಇದೇ ಶಿಸ್ತನ್ನು ಈ ಕಾಗದಗಳಿಗೂ ತೋರಿಸಲಿ ಅಂತ ನನ್ನ ಆಸೆ. ಗಂಡಸರಿಂದ ನಾನು ಅಷ್ಟೊಂದು ನಿರೀಕ್ಷಿಸುವುದಿಲ್ಲ.

ಪಾಸ್‌ಬುಕ್ಕಿನ ಮಾತು ಕೊನೆಗೆ ಇಟ್ಟುಕೊಂಡೆ. ಪ್ರತಿ ವರ್ಷ ಮೇ ತಿಂಗಳ ಕೊನೆಯ ವಾರದ ಎಂಟ್ರಿಗಳನ್ನು ನೋಡಿ. 436 ಕಡಿತವಾಗಿದ್ದರೆ ಜೀವನ್ ಜ್ಯೋತಿ. 20 ಕಡಿತವಾಗಿದ್ದರೆ ಸುರಕ್ಷಾ ಬಿಮಾ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಜನಧನ್ ಖಾತೆ ತೆರೆಯುವಾಗ ಎಲ್ಲಿ ಸಹಿ ಹಾಕಿದೆವು ಎಂಬ ನೆನಪು ಖಾತೆದಾರರಿಗೇ ಇರುವುದಿಲ್ಲ, ಹೆಂಡತಿ ಮಕ್ಕಳಿಗೆ ಎಲ್ಲಿಂದ ಇರಬೇಕು? ಮೇ ಕೊನೆಯಲ್ಲಿ ಖಾತೆಯಲ್ಲಿ ಐನೂರು ರೂಪಾಯಿ ಇಲ್ಲದೆ ಕಡಿತವೇ ಆಗದಿದ್ದರೆ ವಿಮೆ ಅಲ್ಲಿಗೇ ನಿಂತಿತು.

ನಿಮ್ಮ ಮನೆಯಲ್ಲಾಗಲಿ ಪಕ್ಕದ ಮನೆಯಲ್ಲಾಗಲಿ ದುಡಿಯುವವರು ಈಚೆಗೆ ತೀರಿಕೊಂಡಿದ್ದರೆ, ಅವರ ಪಾಸ್‌ಬುಕ್ಕನ್ನು ಈ ವಾರವೇ ಎಂಟ್ರಿ ಹಾಕಿಸಿ ನೋಡಿ. 436 ಅಥವಾ 20 ಕಂಡರೆ ಮರಣ ಪ್ರಮಾಣಪತ್ರ ಮತ್ತು ನಾಮಿನಿಯ ಆಧಾರ್ ಹಿಡಿದು ಅದೇ ಬ್ಯಾಂಕಿಗೆ ಹೋಗಿ, ಕ್ಲೇಮ್ ಫಾರಂ ಕೇಳಿ.