ಸಿಂಗಪುರ ಪ್ರವಾಸ: ವೀಸಾದಿಂದ ವಾಪಸಾತಿಯವರೆಗೆ

ಮಲೇಷ್ಯಾದ ದಕ್ಷಿಣ ತುದಿಗೆ ಅಂಟಿಕೊಂಡಂತಿರುವ ಸಿಂಗಪುರ ಒಂದು ದೇಶವೂ ಹೌದು, ಒಂದೇ ಒಂದು ನಗರವೂ ಹೌದು. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 50 ಕಿ.ಮೀ., ಉತ್ತರದಿಂದ ದಕ್ಷಿಣಕ್ಕೆ 27 ಕಿ.ಮೀ. ಇಷ್ಟರಲ್ಲೇ ಸುಮಾರು 60 ಲಕ್ಷ ಜನ. ಅಲ್ಲಿನ ನಾಗರಿಕರಲ್ಲಿ ಮುಕ್ಕಾಲು ಪಾಲು ಚೀನೀ ಮೂಲದವರು. ನಂತರದ ಸ್ಥಾನ ಮಲಯರದು, ಆಮೇಲೆ ಭಾರತೀಯ ಮೂಲದವರದು. ಮಲಯ, ಮ್ಯಾಂಡರಿನ್, ತಮಿಳು, ಇಂಗ್ಲಿಷ್ ನಾಲ್ಕೂ ಅಧಿಕೃತ ಭಾಷೆಗಳು. ಪ್ಯಾಕೇಜ್ ಟೂರ್‌ನವರು ಸಾಮಾನ್ಯವಾಗಿ ಯೂನಿವರ್ಸಲ್ ಸ್ಟುಡಿಯೋಸ್, ಮೃಗಾಲಯ, ಮರ್ಲಯನ್ ಪ್ರತಿಮೆ ಎಂದು ಹೆಸರಾದ ತಾಣಗಳನ್ನಷ್ಟೇ ಸುತ್ತಿಸಿ ಕರೆತರುತ್ತಾರೆ. ಆದರೆ ಈ ಊರಿನ ಸೊಗಸು ಇರುವುದು ಗುಡಿ, ಮಸೀದಿ, ಚೀನೀ ದೇವಾಲಯಗಳು ಒಂದರ ಮಗ್ಗುಲಿಗೆ ಒಂದು ನಿಂತ ಹಳೆಯ ಬೀದಿಗಳಲ್ಲಿ. ಅಲ್ಲಿ ನಡೆದಾಡಲು ಟಿಕೆಟ್ ಬೇಕಿಲ್ಲ. ಐದು ದಿನದ ಪ್ರವಾಸವಾದರೆ ಮೂರು ದಿನವನ್ನಾದರೂ ಈ ಬೀದಿಗಳಿಗೆ ಎತ್ತಿಡುವುದು ಒಳ್ಳೆಯದು.

ಹೊರಡುವ ಮುನ್ನ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಕಡ್ಡಾಯ. ಅರ್ಜಿಯನ್ನು ಸಿಂಗಪುರ ಸರ್ಕಾರ ಮಾನ್ಯ ಮಾಡಿರುವ ವೀಸಾ ಏಜೆಂಟರ ಮೂಲಕ ಸಲ್ಲಿಸಬೇಕು. ಸರ್ಕಾರಿ ಶುಲ್ಕ 30 ಸಿಂಗಪುರ ಡಾಲರ್. ಏಜೆಂಟರು ತಮ್ಮ ಸೇವಾಶುಲ್ಕ ಸೇರಿಸುತ್ತಾರೆ. ವೀಸಾ ಸಿಗಲಿ, ಸಿಗದಿರಲಿ ಈ ಹಣ ವಾಪಸ್ ಬರುವುದಿಲ್ಲ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು.

ವೀಸಾ ಕೈಗೆ ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಇನ್ನೊಂದು ಮುಖ್ಯ ಕಾಗದ ಇದೆ: ಎಸ್‌ಜಿ ಅರೈವಲ್ ಕಾರ್ಡ್. ತಲುಪುವ ದಿನವೂ ಸೇರಿದಂತೆ ಮೂರು ದಿನದೊಳಗೆ ಇದನ್ನು ಆನ್‌ಲೈನಿನಲ್ಲಿ ತುಂಬಬೇಕು. ವಲಸೆ ಇಲಾಖೆಯ ಅಧಿಕೃತ ತಾಣದಲ್ಲಿ ಇದು ಪೂರ್ತಿ ಉಚಿತ. ಹುಡುಕಾಟದಲ್ಲಿ ಮೇಲೆ ಕಾಣಿಸುವ ಕೆಲವು ಖಾಸಗಿ ತಾಣಗಳು ಇದಕ್ಕೇ ದುಡ್ಡು ಕೀಳುತ್ತವೆ. ಹಣ ಕೇಳಿದ ಕೂಡಲೇ ಆ ಪುಟ ಮುಚ್ಚಿಬಿಡಬೇಕು.

ಬೆಂಗಳೂರಿನಿಂದ ನೇರ ವಿಮಾನಗಳಿವೆ. ಪ್ರಯಾಣ ಸುಮಾರು ನಾಲ್ಕೂವರೆ ಗಂಟೆ. ಗಡಿಯಾರವನ್ನು ಎರಡೂವರೆ ಗಂಟೆ ಮುಂದಿಟ್ಟುಕೊಳ್ಳಬೇಕು. ಸಮಭಾಜಕ ವೃತ್ತದ ಬಗಲಲ್ಲೇ ಇರುವ ಊರಾದ್ದರಿಂದ ವರ್ಷವಿಡೀ ಸೆಕೆ, ಯಾವಾಗ ಬೇಕಾದರೂ ಮಳೆ. ನವೆಂಬರ್‌ನಿಂದ ಜನವರಿವರೆಗೆ ಮಳೆ ಇನ್ನೂ ಜೋರು. ಹತ್ತಿಯ ಬಟ್ಟೆ, ಮಡಚುವ ಕೊಡೆ, ಬಿಚ್ಚಿ ಹಾಕಲು ಸುಲಭವಾದ ಚಪ್ಪಲಿ ಸಾಕು. ಪ್ಲಗ್ ಮಾತ್ರ ಬೇರೆ: ಚೌಕಾಕಾರದ ಮೂರು ಕಡ್ಡಿಯದು. ಅಡಾಪ್ಟರ್ ಇಲ್ಲಿಂದಲೇ ಒಯ್ಯಬೇಕು.

ಸೂಟ್‌ಕೇಸಿನಲ್ಲಿ ಇರಬಾರದ್ದು

ಕನ್ನಡದ ಮನೆಗಳಿಂದ ಹೊರಡುವವರು ಈ ಭಾಗವನ್ನು ಎರಡು ಸಲ ಓದುವುದು ಒಳ್ಳೆಯದು. ಪಾಯಸಕ್ಕೋ ಸಾಗುವಿಗೋ ಬೇಕಾದೀತೆಂದು ಡಬ್ಬಿಯಲ್ಲಿ ಹಾಕಿಕೊಳ್ಳುವ ಗಸಗಸೆ ಸಿಂಗಪುರದಲ್ಲಿ ನಿಷಿದ್ಧ ವಸ್ತು. ಅಫೀಮಿನ ಗಿಡದ ಬೀಜವಾದ್ದರಿಂದ ಮಾದಕವಸ್ತು ಕಾನೂನು ಇದಕ್ಕೂ ಅನ್ವಯಿಸುತ್ತದೆ. ಮಸಾಲೆಪುಡಿಯಲ್ಲಿ ಬೆರೆತಿದ್ದರೂ ಬೇಡ. ಗುಟ್ಕಾ, ಖೈನಿ, ಜರ್ದಾದಂಥ ಜಗಿಯುವ ತಂಬಾಕಿಗೂ ಪ್ರವೇಶವಿಲ್ಲ. ಇ-ಸಿಗರೇಟ್ ಜೇಬಿನಲ್ಲಿದ್ದರೂ ಅಪರಾಧ. ಸಾಮಾನ್ಯ ಸಿಗರೇಟಿಗೆ ಸುಂಕ ವಿನಾಯಿತಿ ಒಂದಿಷ್ಟೂ ಇಲ್ಲ. ಒಂದು ಪ್ಯಾಕ್ ಇದ್ದರೂ ಘೋಷಿಸಿ ಸುಂಕ ಕಟ್ಟಬೇಕು. ಚೂಯಿಂಗ್ ಗಮ್ ಆಮದನ್ನು 1992ರಲ್ಲೇ ನಿಷೇಧಿಸಲಾಗಿದೆ.

ನಿದ್ರೆ, ಆತಂಕ ಅಥವಾ ತೀವ್ರ ನೋವಿಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರ ಚೀಟಿ ಜತೆಗಿಟ್ಟುಕೊಳ್ಳಬೇಕು. ಕೆಲವು ಔಷಧಿಗಳಿಗೆ ಮುಂಚಿತವಾಗಿ ಅನುಮತಿಯೂ ಬೇಕು. ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ಮಾದಕವಸ್ತು ಸಾಗಣೆಗೆ ಅಲ್ಲಿ ಮರಣದಂಡನೆಯಿದೆ. ವಿಮಾನ ನಿಲ್ದಾಣದಲ್ಲಿ ಅಪರಿಚಿತರು ಕೊಡುವ ಪೊಟ್ಟಣವನ್ನು, ಅವರು ಎಷ್ಟೇ ಗೋಗರೆದರೂ, ಮುಟ್ಟಕೂಡದು.

ಇಳಿದ ಮೇಲೆ

ಚಾಂಗಿ ನಿಲ್ದಾಣಕ್ಕೆ ಸೇರಿಕೊಂಡಿರುವ ಜ್ಯುವೆಲ್ ಕಟ್ಟಡದಲ್ಲಿ 40 ಮೀಟರ್ ಎತ್ತರದ ಒಳಾಂಗಣ ಜಲಪಾತ ಇದೆ. ಅದನ್ನು ವಾಪಸ್ ಬರುವ ದಿನಕ್ಕೆ ಇಟ್ಟುಕೊಂಡರೆ ಆತುರವಿರುವುದಿಲ್ಲ. ಊರೊಳಗೆ ಹೋಗಲು ಎರಡು ಮತ್ತು ಮೂರನೇ ಟರ್ಮಿನಲ್‌ಗಳ ಬಳಿಯಿಂದ ಎಂಆರ್‌ಟಿ ಎಂದು ಕರೆಯುವ ಮೆಟ್ರೊ ಹೊರಡುತ್ತದೆ. ತಾನಾ ಮೇರಾದಲ್ಲಿ ರೈಲು ಬದಲಿಸಬೇಕು. ಟ್ಯಾಕ್ಸಿಗೆ ಹೋಲಿಸಿದರೆ ಖರ್ಚು ತೀರಾ ಕಡಿಮೆ. ಆದರೆ ಮೆಟ್ರೊ ನಡುರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ಓಡುವುದಿಲ್ಲ. ವಿಮಾನ ಆ ಹೊತ್ತಿಗೆ ಇಳಿಯುವುದಾದರೆ ಟ್ಯಾಕ್ಸಿಯೇ ಗತಿ.

ಬಸ್ಸಿಗೂ ಮೆಟ್ರೊಗೂ ಒಂದೇ ಕಾರ್ಡ್ ಸಾಕು. ನಿಲ್ದಾಣದಲ್ಲಿ ಸಿಗುವ ಇಝಡ್-ಲಿಂಕ್ ಕಾರ್ಡ್ ಕೊಳ್ಳಬಹುದು. ಬ್ಯಾಂಕಿನ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಕೂಡ ನಡೆಯುತ್ತದೆ, ಆದರೆ ವಿದೇಶಿ ಕಾರ್ಡಿಗೆ ದಿನದ ಸಣ್ಣ ಶುಲ್ಕ ಬೀಳುತ್ತದೆ. ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ತಾಗಿಸಲೇಬೇಕು. ಮರೆತರೆ ಆ ಬಸ್ಸು ಮುಂದೆ ಹೋಗುವಷ್ಟು ದೂರಕ್ಕೂ ಹಣ ಕಡಿತವಾಗುತ್ತದೆ. ರೈಲಿನಲ್ಲಿ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ನೀರಿಗೂ ಇದೇ ನಿಯಮ. ದಂಡ 500 ಡಾಲರ್‌ವರೆಗೆ ಬೀಳಬಹುದು. ನಲ್ಲಿಯ ನೀರು ನೇರವಾಗಿ ಕುಡಿಯಲು ಯೋಗ್ಯ. ದಿನವೂ ಬಾಟಲಿ ಕೊಳ್ಳುವ ಖರ್ಚನ್ನು ಸುಮ್ಮನೆ ಉಳಿಸಬಹುದು.

ವಸತಿಗೆ ಲಿಟಲ್ ಇಂಡಿಯಾ, ಬುಗಿಸ್ ಅಥವಾ ಚೈನಾಟೌನ್ ಅನುಕೂಲ. ಮೂರೂ ಕಡೆ ಮೆಟ್ರೊ ಬಾಗಿಲಲ್ಲೇ ಇದೆ, ಸಸ್ಯಾಹಾರ ಹತ್ತಿರದಲ್ಲೇ ಸಿಗುತ್ತದೆ.

ಮೊದಲ ನಡಿಗೆ: ಚೈನಾಟೌನ್, ತೆಲೋಕ್ ಅಯರ್

ಬೆಳಿಗ್ಗೆ ಎಂಟಕ್ಕೇ ಹೊರಡಬೇಕು. ಹಿಂದೂ ದೇವಾಲಯಗಳು ನಮ್ಮಲ್ಲಿಯಂತೆಯೇ ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆರೆಯುತ್ತವೆ. ಸೌತ್ ಬ್ರಿಡ್ಜ್ ರಸ್ತೆಯ ಶ್ರೀ ಮಾರಿಯಮ್ಮನ್ ದೇವಾಲಯ 1827ರದು, ನಗರದ ಅತ್ಯಂತ ಹಳೆಯ ಹಿಂದೂ ಗುಡಿ. 1819ರಲ್ಲಿ, ಇಲ್ಲಿ ಬ್ರಿಟಿಷ್ ನೆಲೆ ಸ್ಥಾಪಿಸಿದ ಸ್ಟ್ಯಾಂಫರ್ಡ್ ರಾಫಲ್ಸ್ ಜತೆ ಪೆನಾಂಗ್‌ನಿಂದ ಬಂದ ನಾರಾಯಣ ಪಿಳ್ಳೈ ಇದನ್ನು ಕಟ್ಟಿಸಿದವರು. ದೀಪಾವಳಿಗೆ ಸುಮಾರು ಒಂದು ವಾರ ಮೊದಲು ಇಲ್ಲಿ ಕೆಂಡ ಹಾಯುವ ತೀಮಿದಿ ನಡೆಯುತ್ತದೆ. ಇದೇ ರಸ್ತೆಯಲ್ಲಿ ಕೆಲವೇ ಹೆಜ್ಜೆ ಆಚೆಗೆ ತಮಿಳು ಮುಸ್ಲಿಂ ವರ್ತಕರು ಕಟ್ಟಿದ ಜಾಮಿಯಾ ಮಸೀದಿ. ಚೀನೀಯರ ಬಡಾವಣೆಯ ಈ ಎರಡು ಹಳೆಯ ಪೂಜಾಸ್ಥಳಗಳು ತಮಿಳರು ಕಟ್ಟಿದವು ಎನ್ನುವುದನ್ನು ನೋಡಿದ ಮೇಲೆ ಊರಿನ ಸ್ವಭಾವ ಅರ್ಥವಾಗತೊಡಗುತ್ತದೆ.

ಅಲ್ಲಿಂದ ಹತ್ತು ನಿಮಿಷ ನಡೆದರೆ ತೆಲೋಕ್ ಅಯರ್ ಬೀದಿ. ಇಂದು ಸುತ್ತ ಗಗನಚುಂಬಿಗಳಿವೆ. ಸಮುದ್ರವನ್ನು ತುಂಬಿ ನೆಲ ಮಾಡುವ ಮೊದಲು ಇದು ಕಡಲ ದಂಡೆಯಾಗಿತ್ತು. ಹಡಗಿನಿಂದ ಇಳಿದವರು ಜೀವ ಉಳಿದದ್ದಕ್ಕೆ ಕೈಮುಗಿಯುತ್ತಿದ್ದ ಸ್ಥಳಗಳು ಇಲ್ಲಿವೆ. 1842ರ ಹೊತ್ತಿಗೆ ಪೂರ್ಣಗೊಂಡ ತಿಯಾನ್ ಹೊಕ್ ಕೆಂಗ್, ಫುಜಿಯನ್ ಕಡೆಯಿಂದ ಬಂದ ಹೊಕ್ಕಿಯನ್ ಜನ ಕಡಲದೇವತೆ ಮಾಝುವಿಗೆ ಕಟ್ಟಿದ್ದು. ಅದೇ ಬೀದಿಯಲ್ಲಿ ನಾಗೂರಿನ ಸೂಫಿ ಸಂತ ಶಾಹುಲ್ ಹಮೀದರ ನೆನಪಿನ ದರ್ಗಾ ಇದೆ. ಅದೀಗ ಭಾರತೀಯ ಮುಸ್ಲಿಮರ ಪರಂಪರೆಯ ಕೇಂದ್ರ.

ಎರಡನೆಯದು: ಕಂಪೋಂಗ್ ಗ್ಲಾಂ, ವಾಟರ್ಲೂ ಬೀದಿ

ಬುಗಿಸ್ ನಿಲ್ದಾಣದಲ್ಲಿ ಇಳಿದರೆ ಎರಡೂ ಹತ್ತಿರ. ಮಲಯ ಸುಲ್ತಾನನ ನೆಲೆಯಾಗಿದ್ದ ಕಂಪೋಂಗ್ ಗ್ಲಾಂನ ನಡುವೆ ಚಿನ್ನದ ಬಣ್ಣದ ಗುಮ್ಮಟದ ಸುಲ್ತಾನ್ ಮಸೀದಿ. ಈಗಿನ ಕಟ್ಟಡ 1932ರದು. ಬುಸ್ಸೋರಾ ಬೀದಿಯಲ್ಲಿ ನಿಂತು ಗುಮ್ಮಟದ ಬುಡವನ್ನು ದಿಟ್ಟಿಸಿದರೆ ಕಪ್ಪು ಪಟ್ಟಿಯೊಂದು ಕಾಣುತ್ತದೆ. ಅದು ಕಲ್ಲಲ್ಲ, ಸಾಲಾಗಿ ಕೂರಿಸಿದ ಗಾಜಿನ ಬಾಟಲಿಗಳ ತಳ. ದೇಣಿಗೆಗೆ ಹಣವಿಲ್ಲದ ಬಡವರೂ ಮಸೀದಿಗೆ ತಮ್ಮ ಪಾಲು ಕೊಡಲೆಂದು ಅವರಿಂದ ಬಾಟಲಿಗಳನ್ನು ಪಡೆದು ಹೀಗೆ ಜೋಡಿಸಲಾಯಿತು. ಮೊಣಕಾಲು, ಭುಜ ಮುಚ್ಚುವ ಉಡುಪಿಲ್ಲದವರಿಗೆ ಬಾಗಿಲಲ್ಲೇ ನಿಲುವಂಗಿ ಕೊಡುತ್ತಾರೆ. ನಮಾಜಿನ ಹೊತ್ತಿನಲ್ಲಿ, ಮುಖ್ಯವಾಗಿ ಶುಕ್ರವಾರ ಮಧ್ಯಾಹ್ನ, ಪ್ರವಾಸಿಗರು ಒಳಗೆ ಹೋಗುವಂತಿಲ್ಲ.

ವಾಟರ್ಲೂ ಬೀದಿಯನ್ನು ಪ್ಯಾಕೇಜಿನವರು ಬಹುತೇಕ ತೋರಿಸುವುದಿಲ್ಲ. ಸಮಯ ಕಡಿಮೆಯಿದ್ದು ಒಂದೇ ಬೀದಿ ನೋಡಲು ಸಾಧ್ಯವಿದ್ದರೆ ಇದನ್ನೇ ಆರಿಸಿಕೊಳ್ಳಬೇಕು. ಇಲ್ಲಿ ಕರುಣೆಯ ದೇವತೆ ಗುವಾನ್‌ಯಿನ್‌ಳ ಚೀನೀ ದೇವಾಲಯ, ಅದರ ಪಕ್ಕದಲ್ಲೇ ಶ್ರೀ ಕೃಷ್ಣನ್ ದೇವಾಲಯ. ಗುವಾನ್‌ಯಿನ್‌ಗೆ ಕೈಮುಗಿದು ಹೊರಬಂದ ಚೀನೀ ಭಕ್ತರು ನೇರ ಕೃಷ್ಣನ ಬಾಗಿಲಿಗೆ ಬರುತ್ತಾರೆ. ಗುಡಿಯವರು ಅವರಿಗಾಗಿಯೇ ಮುಂದೆ ಧೂಪದ ಕುಂಡ ಇಟ್ಟಿದ್ದಾರೆ. ಊದಿನಕಡ್ಡಿಗಳನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಯ ಮಟ್ಟಕ್ಕೆ ಎತ್ತಿ ಬಾಗಿ, ಕುಂಡದ ಬೂದಿಯಲ್ಲಿ ನೆಟ್ಟು ಅವರು ಮುಂದೆ ಸಾಗುತ್ತಾರೆ. ಇದೇ ಬೀದಿಯಲ್ಲಿ 1878ರ ಯಹೂದಿ ಸಿನಗಾಗ್ ಕೂಡ ಇದೆ. ಭಕ್ತರ ಮುಖಕ್ಕೆ ಕ್ಯಾಮೆರಾ ಹಿಡಿಯದೆ ಸ್ವಲ್ಪ ದೂರದಲ್ಲಿ ನಿಂತು ನೋಡುವುದು ಸೌಜನ್ಯ.

ಮೂರನೆಯದು: ಲಿಟಲ್ ಇಂಡಿಯಾ

ಇದನ್ನು ಸಂಜೆಗೆ ಇಟ್ಟುಕೊಳ್ಳಬಹುದು. ಹಿಂದೆ ಇಲ್ಲಿ ದನದ ವ್ಯಾಪಾರ ನಡೆಯುತ್ತಿತ್ತು. ಬಫಲೋ ರಸ್ತೆಯ ಹೆಸರು ಆ ಕಾಲದ್ದು. ಮೆಟ್ರೊ ಪಕ್ಕದ ತೆಕ್ಕಾ ಸೆಂಟರ್‌ನಲ್ಲಿ ತರಕಾರಿ, ಮೀನಿನ ಮಾರುಕಟ್ಟೆ ಮತ್ತು ಊಟದ ಅಂಗಡಿಗಳಿವೆ. ಸಿರಂಗೂನ್ ರಸ್ತೆಯ ಉದ್ದಕ್ಕೂ ಮಲ್ಲಿಗೆ ಹಾರ, ಚಿನ್ನ, ಸೀರೆ. ಕ್ಯಾಂಪ್‌ಬೆಲ್ ಲೇನ್‌ನ ಇಂಡಿಯನ್ ಹೆರಿಟೇಜ್ ಸೆಂಟರ್ ನೋಡಿ ಬಂದರೆ ಈ ಬೀದಿಗಳ ಹಿಂದಿನ ಕೂಲಿಗಳ, ವರ್ತಕರ ಕಥೆ ತಿಳಿಯುತ್ತದೆ. ಭಾನುವಾರ ಸಂಜೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಮಿಳುನಾಡು, ಬಾಂಗ್ಲಾದೇಶಗಳಿಂದ ಬಂದ ಕಟ್ಟಡ ಕಾರ್ಮಿಕರಿಗೆ ಅದೊಂದೇ ಬಿಡುವಿನ ದಿನ. ಗದ್ದಲ ಬೇಡವೆನ್ನುವವರು ಬೇರೆ ದಿನ ಬರಬಹುದು. ಆದರೆ ಹೊಳೆಯುವ ಆ ನಗರವನ್ನು ಕಟ್ಟಿದ ಕೈಗಳನ್ನು ನೋಡಬೇಕೆಂದರೆ ಭಾನುವಾರವೇ ಸರಿ.

ದಿನ ಉಳಿದರೆ ಪೂರ್ವದ ಕಾಟೋಂಗ್, ಜೂ ಚಿಯಾಟ್ ಕಡೆ ಹೋಗಬಹುದು. ಚೀನೀ, ಮಲಯ ಪದ್ಧತಿಗಳು ಬೆರೆತು ಬೆಳೆದ ಪೆರನಾಕನ್ ಸಮುದಾಯದ ಬಣ್ಣದ ಮನೆಗಳ ಸಾಲು ಅಲ್ಲಿನ ಕೂನ್ ಸೆಂಗ್ ರಸ್ತೆಯಲ್ಲಿದೆ. ಅವುಗಳಲ್ಲಿ ಜನ ವಾಸವಿದ್ದಾರೆ. ಫೋಟೊಗಾಗಿ ಜಗಲಿ ಏರಬಾರದು.

ಊಟ, ಕಾಫಿ

ಹಾಕರ್ ಸೆಂಟರ್ ಎಂದರೆ ಒಂದೇ ಸೂರಿನಡಿ ಹತ್ತಾರು ಸಣ್ಣ ಅಂಗಡಿ, ನಡುವೆ ಎಲ್ಲರಿಗೂ ಸೇರಿದ ಮೇಜು. ಈ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಆ ಜಾಗ ಯಾರೋ ಹಿಡಿದಿಟ್ಟದ್ದು ಎಂದರ್ಥ. ಉಂಡ ತಟ್ಟೆಯನ್ನು ನಿಗದಿತ ಕಟ್ಟೆಗೆ ಒಯ್ದಿಡುವುದು ಕಡ್ಡಾಯ. ಹಲಾಲ್ ತಟ್ಟೆಗಳಿಗೆ ಕಟ್ಟೆ ಬೇರೆ.

ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ತರಕಾರಿ ಪಲ್ಯದಲ್ಲೂ ಸೀಗಡಿಯ ಬೆಲಾಚಾನ್, ಆಯ್ಸ್ಟರ್ ಸಾಸ್, ಹಂದಿಯ ಕೊಬ್ಬು ಇರಬಹುದು. ರೊಜಾಕ್ ಎಂಬ ಹಣ್ಣಿನ ಕೋಸಂಬರಿಯಲ್ಲೂ ಸೀಗಡಿ ಇರುತ್ತದೆ. ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳು ನಂಬಿಕೆಗೆ ಅರ್ಹ. ಲಿಟಲ್ ಇಂಡಿಯಾದಲ್ಲಿ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್‌ನಂಥ ಹೋಟೆಲುಗಳಲ್ಲಿ ದೋಸೆ, ಬಾಳೆಎಲೆ ಊಟ ಸಿಗುತ್ತದೆ.

ಕಾಫಿ ಪ್ರಿಯರು ‘ಕೋಪಿ’ ಕುಡಿಯಲೇಬೇಕು. ಬೆಣ್ಣೆ, ಸಕ್ಕರೆ ಹಾಕಿ ಹುರಿದ ಬೀಜದ ಪುಡಿಯನ್ನು ಉದ್ದನೆಯ ಬಟ್ಟೆಚೀಲದಲ್ಲಿ ಸೋಸಿ ಕೊಡುತ್ತಾರೆ. ಬರೀ ಕೋಪಿ ಎಂದರೆ ಗಟ್ಟಿ ಸಿಹಿಹಾಲಿನದು. ‘ಕೋಪಿ ಒ’ ಹಾಲಿಲ್ಲದ್ದು, ಸಕ್ಕರೆ ಇದ್ದದ್ದು. ‘ಕೋಪಿ ಒ ಕೊಸೋಂಗ್’ ಎರಡೂ ಇಲ್ಲದ್ದು. ಮಧುಮೇಹ ಇರುವವರು ಕೊನೆಯ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಸಂಜೆಗಳು, ವಾಪಸಾತಿ

ಗಾರ್ಡನ್ಸ್ ಬೈ ದ ಬೇನಲ್ಲಿ ಮರದಾಕಾರದ ಗೋಪುರಗಳ ಬೆಳಕಿನ ಪ್ರದರ್ಶನ ರಾತ್ರಿ 7.45 ಮತ್ತು 8.45ಕ್ಕೆ. ಮೊದಲನೆಯದನ್ನು ನೋಡಿ ನಡೆದರೆ ಮರೀನಾ ಬೇ ಸ್ಯಾಂಡ್ಸ್ ಎದುರು ಒಂಬತ್ತಕ್ಕೆ ನಡೆಯುವ ನೀರು-ಬೆಳಕಿನ ಆಟಕ್ಕೆ ತಲುಪಬಹುದು. ಎರಡೂ ಉಚಿತ. ಯುನೆಸ್ಕೊ ಪಟ್ಟಿಯಲ್ಲಿರುವ ಬೊಟಾನಿಕ್ ಗಾರ್ಡನ್‌ಗೂ ಪ್ರವೇಶ ಶುಲ್ಕವಿಲ್ಲ. ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಸಾರ್ವಜನಿಕ ಸ್ಥಳದಲ್ಲಿ ರಾತ್ರಿ 10.30ರಿಂದ ಬೆಳಿಗ್ಗೆ 7ರವರೆಗೆ ಮದ್ಯ ಕುಡಿಯುವಂತಿಲ್ಲ. ತುರ್ತಿಗೆ ಪೊಲೀಸ್ 999, ಆಂಬುಲೆನ್ಸ್ 995.

ಸರಕುಗಳ ಮೇಲೆ ಶೇ 9 ಜಿಎಸ್‌ಟಿ ಇದೆ. ಪ್ರವಾಸಿ ಮರುಪಾವತಿ ಯೋಜನೆಯಲ್ಲಿರುವ ಅಂಗಡಿಯಲ್ಲಿ ಕನಿಷ್ಠ 100 ಡಾಲರ್ ಖರೀದಿಯಾದರೆ ಈ ತೆರಿಗೆಯ ಬಹುಪಾಲು ವಾಪಸ್ ಪಡೆಯಬಹುದು. ಬಿಲ್ ಮಾಡಿಸುವಾಗಲೇ ಪಾಸ್‌ಪೋರ್ಟ್ ತೋರಿಸಬೇಕು. ಚಾಂಗಿಯ ಮರುಪಾವತಿ ಯಂತ್ರಗಳಲ್ಲಿ ಅರ್ಜಿ ಹಾಕಿದ ಮೇಲೆ ಕೆಲವೊಮ್ಮೆ ಅಧಿಕಾರಿಗಳು ವಸ್ತುವನ್ನು ತೋರಿಸಲು ಕೇಳುತ್ತಾರೆ. ಹಾಗಾಗಿ ದೊಡ್ಡ ಚೀಲವನ್ನು ಚೆಕ್-ಇನ್‌ಗೆ ಕೊಡುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಬೇಕು.