ಸೂಜಿ, ಉಣ್ಣಿ, ಬಿಸಿಲು: ನಾಯಿ ಸಾಕಿದ ಮನೆಯವರಿಗೆ

ಬೀದರ್ ಜಿಲ್ಲೆಯ ರಾಜೇಶ್ವರದಂಥ ಊರಲ್ಲಿ ನಾಯಿ ಪೂರ್ತಿ ಮನೆಯದೂ ಅಲ್ಲ, ಪೂರ್ತಿ ಓಣಿಯದೂ ಅಲ್ಲ. ಬೆಳಿಗ್ಗೆ ಯಜಮಾನರ ಹಿಂದೆ ಹೊಲಕ್ಕೆ ಹೋಗುತ್ತದೆ, ಮಧ್ಯಾಹ್ನ ದನದ ಕೊಟ್ಟಿಗೆಯಲ್ಲಿ ಮಲಗುತ್ತದೆ, ಸಂಜೆಯಾದರೆ ಹೈದರಾಬಾದ್ ಹೆದ್ದಾರಿ ಬದಿಯ ಧಾಬಾದ ಹಿಂದೆ ಎಲುಬು ಹುಡುಕುತ್ತದೆ. ಈಗೀಗ ಹುಮನಾಬಾದ್, ಬಸವಕಲ್ಯಾಣಗಳ ಮನೆಗಳಿಗೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪೊಮೆರೇನಿಯನ್ ಮರಿಗಳೂ ಬಂದಿವೆ. ಅವುಗಳ ದಿನಚರಿ ಬೇರೆ, ಆದರೆ ಬರುವ ರೋಗಗಳು ಬಹುಪಾಲು ಅವೇ.

ಚಿಕಿತ್ಸೆಗೆ ಹತ್ತಿರದ ಪಶು ಆಸ್ಪತ್ರೆ ಇದ್ದೇ ಇದೆ. ಆದರೆ ಅಲ್ಲಿನ ಡಾಕ್ಟರಿಗೆ ಎಮ್ಮೆ, ಎತ್ತು, ಕುರಿಗಳದ್ದೇ ದೊಡ್ಡ ಸಾಲು. ರಕ್ತಪರೀಕ್ಷೆ, ಸ್ಕ್ಯಾನಿಂಗ್, ದೊಡ್ಡ ಶಸ್ತ್ರಚಿಕಿತ್ಸೆ ಅಂದರೆ ಬೀದರಿನ ನಂದಿನಗರಕ್ಕೆ, ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ 2004ರಿಂದ ನಮ್ಮ ಜಿಲ್ಲೆಯಲ್ಲಿರುವುದು ಅದೃಷ್ಟ. ಆದರೂ ವಾಂತಿ ಮಾಡುತ್ತಿರುವ ಮರಿಯನ್ನು ರಾತ್ರಿ ಹೊತ್ತು ಅಲ್ಲಿಗೆ ಮುಟ್ಟಿಸುವುದು ಸುಲಭವಲ್ಲ. ಹಾಗಾಗಿ ಮನೆಯಲ್ಲೇ ಆಗುವ ಕೆಲಸಗಳನ್ನು, ಜೀವಕ್ಕೆ ಯಾವುದು ಹೆಚ್ಚು ಅಪಾಯವೋ ಆ ಕ್ರಮದಲ್ಲಿ, ಇಲ್ಲಿ ಹೇಳಿದ್ದೇನೆ.

ಮೊದಲ ಕೆಲಸ: ಸೂಜಿಯ ಲೆಕ್ಕ

"ಒಂದು ಸೂಜಿ ಮಾಡ್ಸೀವ್ರಿ, ಆದ್ರೂ ಮರಿ ಸತ್ತೋಯ್ತು" ಎಂಬ ಮಾತು ಪಶು ಆಸ್ಪತ್ರೆಯ ಜಗುಲಿಯಲ್ಲಿ ಹೊಸದಲ್ಲ. ಸೂಜಿ ಸುಳ್ಳಾಗಿರುವುದಿಲ್ಲ, ಲೆಕ್ಕ ಅರ್ಧಕ್ಕೆ ನಿಂತಿರುತ್ತದೆ.

ಹುಟ್ಟಿದ ಮರಿಗೆ ತಾಯಿಯ ಗಿಣ್ಣುಹಾಲಿನಿಂದ ರೋಗನಿರೋಧಕ ಅಂಶಗಳು ಸಿಗುತ್ತವೆ. ಅವು ರಕ್ತದಲ್ಲಿ ಇರುವಷ್ಟು ದಿನ ರೋಗವನ್ನು ತಡೆಯುತ್ತವೆ, ಜೊತೆಗೆ ಲಸಿಕೆಯನ್ನೂ ಕೆಲಸ ಮಾಡಗೊಡುವುದಿಲ್ಲ. ಒಂದು ಮರಿಗೆ ಅವು ಎಂಟನೇ ವಾರಕ್ಕೇ ಇಳಿದುಹೋಗಬಹುದು, ಅದರ ಜೊತೆ ಹುಟ್ಟಿದ ಇನ್ನೊಂದಕ್ಕೆ ಹದಿನಾಲ್ಕನೇ ವಾರದವರೆಗೂ ಉಳಿಯಬಹುದು. ಹೊರಗಿನಿಂದ ನೋಡಿ ತಿಳಿಯುವಂಥದ್ದಲ್ಲ. ಅದಕ್ಕೇ 6ರಿಂದ 8ನೇ ವಾರದಲ್ಲಿ ಮೊದಲ ಡೋಸ್ ಕೊಟ್ಟು, ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವವರೆಗೆ ಮತ್ತೆ ಮತ್ತೆ ಕೊಡುವುದು. ಕೊನೆಯ ಡೋಸ್ 16ನೇ ವಾರದಲ್ಲಿ ಅಥವಾ ಅದರ ನಂತರ ಬೀಳಬೇಕು. ಎಷ್ಟೋ ಮನೆಗಳಲ್ಲಿ ತಪ್ಪಿಹೋಗುವುದು ಇದೇ ಡೋಸ್.

ಡಾಕ್ಟರು "ಸೆವೆನ್ ಇನ್ ಒನ್", "ನೈನ್ ಇನ್ ಒನ್" ಎನ್ನುವ ಸೂಜಿ ಪಾರ್ವೊ, ಡಿಸ್ಟೆಂಪರ್, ಯಕೃತ್ತಿನ ಉರಿಯೂತ, ಇಲಿಜ್ವರ ಮುಂತಾದವುಗಳಿಗೆ. ಹುಚ್ಚುನಾಯಿ ರೋಗದ ಸೂಜಿ ಬೇರೆಯೇ: ಮೂರು ತಿಂಗಳಿಗೆ ಮೊದಲನೆಯದು, ಆಮೇಲೆ ವರ್ಷಕ್ಕೊಮ್ಮೆ. ಇಲಿಜ್ವರದ ರಕ್ಷಣೆಯೂ ವರ್ಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಸೋಯಾ, ತೊಗರಿ ಮೂಟೆ ಇಟ್ಟ ಮನೆಯಲ್ಲಿ ಇಲಿ ಇಲ್ಲದೆ ಇರುವುದಿಲ್ಲ, ಮಳೆಗಾಲದಲ್ಲಿ ಅವುಗಳ ಮೂತ್ರ ನಿಂತ ನೀರಿಗೆ ಸೇರುತ್ತದೆ. ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲಿ, ವಾರ್ಷಿಕ ಸೂಜಿ ಮುಗಿಸಿಕೊಳ್ಳುವುದು ಇಲ್ಲಿನವರಿಗೆ ಒಳ್ಳೆಯ ಪದ್ಧತಿ.

ಔಷಧ ಅಂಗಡಿಯಲ್ಲಿ ಲಸಿಕೆ ಕೊಂಡು ಅಂಗಿ ಜೇಬಿನಲ್ಲಿಟ್ಟುಕೊಂಡು ಬೈಕಿನ ಮೇಲೆ ತರುವವರಿದ್ದಾರೆ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ ತಂಪಿನಲ್ಲೇ ಇರಬೇಕು. ಏಪ್ರಿಲ್ ಬಿಸಿಲಿನಲ್ಲಿ ಜೇಬಿನಲ್ಲಿ ಬಂದ ಸೂಜಿಯನ್ನು ನೆಚ್ಚಿಕೊಳ್ಳುವಂತಿಲ್ಲ. ತರಲೇಬೇಕಾದರೆ ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿ, ಸೀಸೆಗೆ ಮಂಜು ನೇರ ತಾಕದಂತೆ ಬಟ್ಟೆ ಸುತ್ತಿ ತನ್ನಿ. ಜ್ವರವಿರುವ, ಭೇದಿಯಾಗುತ್ತಿರುವ ಮರಿಗೆ ಸೂಜಿ ಬೇಡ. ಮೊದಲು ಗುಣವಾಗಲಿ.

ಸೂಜಿ ಪೂರ್ತಿ ಮುಗಿದು ಒಂದೆರಡು ವಾರ ಕಳೆಯುವವರೆಗೆ ಮರಿಯನ್ನು ಓಣಿಗೆ ಬಿಡಬೇಡಿ. ಪಾರ್ವೊ ವೈರಸ್ ಜಗತ್ತಿಗೆ ಗೊತ್ತಾದದ್ದು 1978ರ ಹೊತ್ತಿಗೆ, ಆದರೆ ಅಷ್ಟರಲ್ಲೇ ಅದು ಎಲ್ಲೆಡೆ ಬೇರೂರಿದೆ. ರೋಗದ ನಾಯಿ ಹೇತ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ನಿಮ್ಮ ಚಪ್ಪಲಿಗೆ ಅಂಟಿಕೊಂಡೂ ಮನೆಗೆ ಬರುತ್ತದೆ. ಫಿನಾಯಿಲ್ ಹಾಕಿ ತೊಳೆದರೆ ಅದು ಸಾಯುತ್ತದೆಂಬ ಭರವಸೆ ಇಲ್ಲ. ನೆಲ ತೊಳೆದ ಮೇಲೆ, ಬಟ್ಟೆ ಬಿಳುಪು ಮಾಡುವ ಬ್ಲೀಚ್ ದ್ರಾವಣ ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನಿಲ್ಲಿಸಬೇಕು. ಮನೆಯಲ್ಲಿ ಪಾರ್ವೊದಿಂದ ಮರಿ ಸತ್ತಿದ್ದರೆ ಮುಂದಿನ ತಿಂಗಳೇ ಅದೇ ಅಂಗಳಕ್ಕೆ ಇನ್ನೊಂದು ಎಳೆ ಮರಿಯನ್ನು ತರಬೇಡಿ.

ಉಣ್ಣಿ ನಾಯಿಯ ಮೈಮೇಲಷ್ಟೇ ಇರುವುದಿಲ್ಲ

ನಮ್ಮ ಭಾಗದ ನಾಯಿಗಳನ್ನು ಸದ್ದಿಲ್ಲದೆ ಸೊರಗಿಸುವುದು ಉಣ್ಣಿ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ಕಾಣುವವನ್ನು ಕಿತ್ತು ಎಸೆದು ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ನಾಯಿಗಳಿಗೆ ಹತ್ತುವ ಕಂದು ಉಣ್ಣಿ ತನ್ನ ಆಯುಷ್ಯದ ಹೆಚ್ಚಿನ ಭಾಗ ಕಳೆಯುವುದು ಗೋಡೆಯ ಬಿರುಕಿನಲ್ಲಿ. ರಕ್ತ ಕುಡಿದು ಉಬ್ಬಿದ ಹೆಣ್ಣು ಕೆಳಗೆ ಉದುರಿ, ಗೋಡೆ ಹತ್ತಿ, ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಹೊರಬಂದ ಮರಿಗಳು ರಕ್ತವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲವು. ಕಲ್ಲು-ಮಣ್ಣಿನ ಹಳೆಯ ಗೋಡೆ, ಗೋಣಿಚೀಲದ ಹಾಸಿಗೆ, ಬಾಗಿಲ ಚೌಕಟ್ಟಿನ ಸಂದಿ ಇವುಗಳಿಗೆ ಹೇಳಿ ಮಾಡಿಸಿದ ಜಾಗ.

ಉಣ್ಣಿಯ ಕಡಿತದಿಂದ ಎರ್ಲಿಕಿಯಾ, ಬೆಬೀಸಿಯಾ ಎಂಬ ರೋಗಾಣುಗಳು ರಕ್ತಕ್ಕೆ ಸೇರುತ್ತವೆ. ನಾಯಿ ಊಟ ಬಿಡುತ್ತದೆ, ಜ್ವರ ಬರುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ, ಕೆಲವಕ್ಕೆ ಮೂಗಿನಿಂದ ರಕ್ತ ಬರುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಒಂದು ದಿನವೂ ಕಾಯಬಾರದು. ಎರ್ಲಿಕಿಯಾಕ್ಕೆ ಡಾಕ್ಟರು ಕೊಡುವ ಮಾತ್ರೆ ಸಾಮಾನ್ಯವಾಗಿ ನಾಲ್ಕು ವಾರದ್ದು. ಮೂರನೇ ದಿನಕ್ಕೇ ನಾಯಿ ರೊಟ್ಟಿ ತಿನ್ನತೊಡಗಿತೆಂದು ಅರ್ಧಕ್ಕೆ ನಿಲ್ಲಿಸಿದರೆ ರೋಗ ಒಳಗೇ ಉಳಿದು, ಮುಂದೆ ಎಲುಬಿನ ಮಜ್ಜೆಗೇ ಪೆಟ್ಟು ಕೊಡಬಹುದು.

ಮಾಡಬೇಕಾದದ್ದು ಇಷ್ಟು. ದಿನಕ್ಕೊಮ್ಮೆ ಕಿವಿ, ಕತ್ತು, ಬೆರಳ ಸಂದಿ ತಡವಿ ನೋಡಿ. ಸಿಕ್ಕ ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರವೇ ಹಿಡಿದು ನೇರ ಎಳೆಯಿರಿ, ಬೆರಳಿನಿಂದ ಹಿಸುಕಬೇಡಿ. ಸೀಮೆಎಣ್ಣೆ, ಸುಣ್ಣ, ಬೀಡಿ ಕೆಂಡ ಬೇಡ. ತೆಗೆದವನ್ನು ಸೋಪಿನ ನೀರಿನ ಡಬ್ಬಿಗೆ ಹಾಕಿ. ಕತ್ತಿನ ಮೇಲೆ ಬಿಡುವ ಹನಿ ಔಷಧವಾದರೆ ತಿಂಗಳಿಗೊಮ್ಮೆ, ಅದಕ್ಕೆ ಮೊದಲು ಮತ್ತು ಆಮೇಲೆ ಎರಡು ದಿನ ಸ್ನಾನ ಮಾಡಿಸುವಂತಿಲ್ಲ. ಫ್ಲುರಲೇನರ್ ಎಂಬ ಅಗಿಯುವ ಮಾತ್ರೆ ತುಟ್ಟಿ, ಆದರೆ ಒಂದಕ್ಕೆ ಸುಮಾರು 12 ವಾರ ನಡೆಯುತ್ತದೆ. ಫಿಟ್ಸ್ ಬರುವ ನಾಯಿಯಾದರೆ ಅದನ್ನು ಕೊಡುವ ಮೊದಲು ಡಾಕ್ಟರಿಗೆ ಹೇಳಿ. ಜೊತೆಗೆ ನಾಯಿ ಮಲಗುವ ಜಾಗದ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ, ಹಳೇ ಗೋಣಿ ಸುಟ್ಟುಬಿಡಿ. ನಾಯಿಗೆ ಮಾತ್ರೆ ಕೊಟ್ಟು ಗೋಡೆ ಬಿಟ್ಟರೆ ಖರ್ಚು ದಂಡ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಿದೆ. ತೊಗರಿಗೆ ಹೊಡೆದು ಉಳಿದ ಕೀಟನಾಶಕವನ್ನು ನಾಯಿಯ ಮೈಗೆ ಸವರುವುದು ಶುದ್ಧ ಅವಿವೇಕ. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಸುರಿಸಿ, ನಡುಗಿ ಸಾಯುತ್ತದೆ. ದನಗಳಿಗೆ ತಂದ ಐವರ್ಮೆಕ್ಟಿನ್ ಸೂಜಿಯನ್ನು ಅಂದಾಜಿನಲ್ಲಿ ಚುಚ್ಚುವುದೂ ಅಷ್ಟೇ ಅಪಾಯ. ಕೋಲಿ ಜಾತಿಯ ನಾಯಿಗಳಿಗಂತೂ ಅದು ನೇರ ಮಿದುಳಿಗೆ ಹತ್ತಬಹುದು.

ತಾಟಿನಲ್ಲಿ ಏನಿದೆ

ಜೋಳದ ರೊಟ್ಟಿ, ಅನ್ನ ತಪ್ಪಲ್ಲ, ಆದರೆ ಅಷ್ಟರಿಂದಲೇ ನಾಯಿಯ ಹೊಟ್ಟೆ ನಡೆಯುವುದಿಲ್ಲ. ಬೇಯಿಸಿದ ಮೊಟ್ಟೆ, ಎಲುಬು ತೆಗೆದ ಕೋಳಿ, ಮೊಸರು ಸೇರಿಸಿ. ಗ್ಲೂಕೋಸ್ ಬಿಸ್ಕತ್ತನ್ನೇ ಊಟ ಮಾಡಿಬಿಟ್ಟ ಮನೆಗಳಲ್ಲಿ ನಾಯಿ ಉಬ್ಬುತ್ತದೆ, ಹಲ್ಲು ಹಾಳಾಗುತ್ತದೆ.

ನಮ್ಮ ಅಡುಗೆಯಲ್ಲಿರುವ ದೊಡ್ಡ ತೊಡಕು ಉಳ್ಳಾಗಡ್ಡಿ, ಬಳ್ಳೊಳ್ಳಿ. ಇವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಲಕ್ಷಣ ಕಾಣುವುದು ಕೆಲವು ದಿನ ಕಳೆದ ಮೇಲೆ, ಹಾಗಾಗಿ ಯಾರೂ ಪಲ್ಯವನ್ನು ದೂರುವುದಿಲ್ಲ. ಉಣ್ಣಿಯಿಂದ ಆಗಲೇ ರಕ್ತ ಕಡಿಮೆಯಾಗಿರುವ ನಾಯಿಗೆ ಇದು ಎರಡನೇ ಹೊಡೆತ. ಒಗ್ಗರಣೆ ಹಾಕುವ ಮೊದಲೇ ಅದರ ಪಾಲನ್ನು ಪಕ್ಕಕ್ಕೆ ತೆಗೆದಿಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ.

ಧಾಬಾದ ಕೋಳಿ ಎಲುಬು ಬೆಂದಿರುತ್ತದೆ. ಬೆಂದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚಿಕೊಳ್ಳುತ್ತದೆ. ಜಾತ್ರೆಯಲ್ಲಿ ಕುರಿ ಕೊಯ್ದಾಗ ಅದರ ಹಸಿ ಯಕೃತ್ತು, ಶ್ವಾಸಕೋಶವನ್ನು ನಾಯಿಗೆ ಎಸೆಯುವುದು ಇನ್ನೂ ಕೆಟ್ಟದ್ದು. ಕುರಿಯೊಳಗಿನ ನೀರುಗುಳ್ಳೆಯಿಂದ ನಾಯಿಯ ಹೊಟ್ಟೆಯಲ್ಲಿ ಸಣ್ಣ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಮಲದಿಂದ ಮನುಷ್ಯರ ಬಾಯಿ ಸೇರಿದರೆ ನಮ್ಮ ಯಕೃತ್ತಿನಲ್ಲೂ ಅಂಥದ್ದೇ ಗುಳ್ಳೆಗಳಾಗುತ್ತವೆ. ಜಂತುಹುಳದ ಔಷಧಿಯನ್ನು ಮರಿಗೆ ಎರಡನೇ ವಾರದಿಂದ ಎಂಟನೇ ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕೊಡಿ. ಪ್ರತಿ ಸಲವೂ ತೂಕ ನೋಡಿಯೇ.

ಮನುಷ್ಯರ ಜ್ವರದ ಮಾತ್ರೆ, ಮೈಕೈ ನೋವಿನ ಮಾತ್ರೆ ನಾಯಿಗೆ ವಿಷವಾಗಬಹುದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡನ್ನೂ ಡಾಕ್ಟರು ಹೇಳದೆ ಮುಟ್ಟಬೇಡಿ. ಇಲಿಪಾಷಾಣ ತಿಂದಿದೆ ಎಂಬ ಅನುಮಾನವಿದ್ದರೆ ಉಪ್ಪುನೀರು, ಎಣ್ಣೆ ಕುಡಿಸುತ್ತ ಹೊತ್ತು ಕಳೆಯದೆ, ಆ ಪಾಕೀಟನ್ನೇ ಹಿಡಿದುಕೊಂಡು ಓಡಿ. ಯಾವ ವಿಷ ಎಂದು ತಿಳಿದರೆ ಡಾಕ್ಟರ ಕೆಲಸ ಅರ್ಧ ಆದಂತೆ.

ಬಿಸಿಲಿಗೆ

ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದರ ದಾರಿ. ಮೂಗು ಚಪ್ಪಟೆಯಾದ ಪಗ್‌ಗೆ ಆ ದಾರಿಯೂ ಅರ್ಧ ಮುಚ್ಚಿದೆ. ಇಂಥ ನಾಯಿಯನ್ನೂ ಹಸ್ಕಿಯನ್ನೂ ನಮ್ಮ ಬಿಸಿಲಿಗೆ ತರುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ಊರ ನಾಯಿ ಮರಿ ಇದೆ, ಮುಧೋಳ ತಳಿ ಇದೆ. ಆ ತಳಿಗಾಗಿ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ನಮ್ಮ ಬೀದರ್ ವಿಶ್ವವಿದ್ಯಾಲಯದ್ದೇ ಶ್ವಾನ ಸಂಶೋಧನಾ ಕೇಂದ್ರವಿದೆ.

ಮಾರ್ಚಿನಿಂದ ಜೂನ್‌ವರೆಗೆ ತಗಡಿನ ಚಾವಣಿಯ ಕೆಳಗೆ ಕಟ್ಟಬೇಡಿ, ನೆರಳು ಸರಿದಂತೆ ಸರಪಳಿಯೂ ಸರಿಯಲಿ. ಡಾಂಬರಿನ ಮೇಲೆ ಅಂಗೈ ಹಿಂಬದಿ ಇಟ್ಟು ಏಳು ಎಣಿಸಲು ಆಗದಿದ್ದರೆ ನಾಯಿಯನ್ನು ಅಲ್ಲಿ ನಡೆಸಬೇಡಿ. ಪೊಮೆರೇನಿಯನ್ ಕೂದಲನ್ನು ಬುಡಕ್ಕೆ ಬೋಳಿಸಬೇಡಿ, ಬಾಚಿದರೆ ಸಾಕು. ನಾಯಿಯ ಸಹಜ ಕಾವು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಲ್ಲಿದ್ದು 104 ದಾಟಿ ತೂರಾಡುತ್ತಿದ್ದರೆ ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಹಾಕಿ. ಒದ್ದೆ ಬಟ್ಟೆ ಹೊದಿಸಿ ಬಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ತಂಪಾದ ಮೇಲೇ ಗಾಡಿ ಹತ್ತಿಸಿ.

ಹೆಣ್ಣುನಾಯಿ ಇದ್ದರೆ

ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ನಾಯಿ ವಿಪರೀತ ನೀರು ಕುಡಿಯುತ್ತ, ಊಟ ಬಿಟ್ಟು, ಹಿಂದಿನಿಂದ ಕೀವು ಸೋರುತ್ತಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿದೆ ಎಂದೇ ಎಣಿಸಿ. ಕೀವು ಹೊರಗೆ ಕಾಣದೆಯೂ ತುಂಬಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ನಾಯಿಗೆ ಈ ಕಾಟ ಬಹುತೇಕ ಇಲ್ಲ, ಬೇಗನೆ ಮಾಡಿಸಿದರೆ ಮೊಲೆಯ ಗಡ್ಡೆಯೂ ಅಪರೂಪ. ಮರಿಯಾಗದಿರಲೆಂದು ಹಾಕಿಸುವ ಹಾರ್ಮೋನ್ ಸೂಜಿ ಮಾತ್ರ ಕೀವಿನ ಅಪಾಯವನ್ನು ಹೆಚ್ಚಿಸುತ್ತದೆ. ಓಣಿಯಲ್ಲಿ ತಿರುಗುವ ನಾಯಿಗಳಲ್ಲಿ ಕೂಡುವಾಗ ಹರಡುವ ಒಂದು ಗಡ್ಡೆ ರೋಗವೂ ಇದೆ. ರಕ್ತ ಸೋರುವುದನ್ನು ಬೆದೆ ಎಂದೇ ತಿಳಿದು ತಿಂಗಳುಗಟ್ಟಲೆ ಬಿಟ್ಟಿರುತ್ತಾರೆ. ಬೇಗ ತೋರಿಸಿದರೆ ವಾರಕ್ಕೊಂದರಂತೆ ಕೆಲವು ಸೂಜಿಗಳಲ್ಲಿ ಗುಣವಾಗುತ್ತದೆ.

ಕಚ್ಚಿದಾಗ

ಹುಚ್ಚುನಾಯಿ ಅಂದರೆ ಓಡಿಬಂದು ಕಚ್ಚುವ ನಾಯಿ ಎಂದೇ ನಂಬಿಕೆ. ಸುಮ್ಮನೆ ಮೂಲೆ ಹಿಡಿಯುವ, ದನಿ ಕರ್ಕಶವಾಗುವ, ದವಡೆ ಜೋತುಬಿದ್ದು ಜೊಲ್ಲು ಸುರಿಸುವ ನಾಯಿಗೂ ಅದೇ ರೋಗ ಇರಬಹುದು. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕಿದವರು ಅಪಾಯಕ್ಕೆ ಸಿಲುಕುವುದು ಹೀಗೆ. ಅಂಥ ನಾಯಿಯ ಬಾಯಿ ಮುಟ್ಟಬೇಡಿ.

ನಾಯಿ ಕಚ್ಚಿದರೆ ಅಥವಾ ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಖಾರದಪುಡಿ, ಸುಣ್ಣ, ಅರಿಶಿನ ಯಾವುದೂ ಬೇಡ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ಸೂಜಿಯ ಸರಣಿ ಶುರುಮಾಡಿ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲೋಬುಲಿನ್ ಬಗ್ಗೆ ಕೇಳಿ. ಕಚ್ಚಿದ್ದು ಮನೆಯದೇ ಪುಟ್ಟ ಮರಿಯಾದರೂ ಡಾಕ್ಟರಿಗೆ ತೋರಿಸಿಯೇ ನಿರ್ಧರಿಸಿ. ಕರ್ನಾಟಕ 2022ರ ಡಿಸೆಂಬರಿನಲ್ಲಿ ಹುಚ್ಚುನಾಯಿ ರೋಗವನ್ನು (ರೇಬೀಸ್) ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದೆ. ನಿಮ್ಮ ನಾಯಿಯನ್ನೇ ಬೀದಿನಾಯಿ ಕಚ್ಚಿದ್ದರೆ, ವಾರ್ಷಿಕ ಸೂಜಿ ಆಗಿದ್ದರೂ, ತಡಮಾಡದೆ ಇನ್ನೊಂದು ಹಾಕಿಸಬೇಕು.

ಆಸ್ಪತ್ರೆಗೆ ಹೊರಡುವಾಗ ಸೂಜಿಯ ಪುಸ್ತಕ, ಮುಚ್ಚಳದ ಡಬ್ಬಿಯಲ್ಲಿ ಅಂದಿನ ಮಲದ ಚೂರು, ಫೋನಿನಲ್ಲಿ ವಾಂತಿಯ ಫೋಟೊ ಅಥವಾ ಕುಂಟುವ ವಿಡಿಯೊ ಇರಲಿ. ಪುಸ್ತಕ ಇಲ್ಲದಿದ್ದರೆ ಮಕ್ಕಳ ಹಳೇ ನೋಟುಬುಕ್ಕೂ ಆದೀತು: ತಾರೀಕು, ತೂಕ, ಕೊಟ್ಟ ಔಷಧಿ, ಮುಂದಿನ ಸೂಜಿಯ ದಿನ. ಲಸಿಕೆ ಸೀಸೆಯ ಮೇಲಿನ ಚೀಟಿ ಕಿತ್ತು ಅದೇ ಪುಟಕ್ಕೆ ಅಂಟಿಸಲು ಡಾಕ್ಟರಿಗೆ ಹೇಳಿ. ಬೀದರಿಗೆ ಹೋಗುವುದಾದರೆ ಹೊರರೋಗಿ ವಿಭಾಗದ ವೇಳೆಯನ್ನು ಮೊದಲೇ ಫೋನಿನಲ್ಲಿ ಕೇಳಿಕೊಂಡು, ಬೆಳಗಿನ ತಂಪಿನಲ್ಲೇ ಹೊರಡಿ.