ಜ್ಯೇಷ್ಠಮಧು ಸತ್ವ: ಕೊಳ್ಳುವ ಮುನ್ನ ಅರಿಯಬೇಕಾದ ಅಂಶಗಳು

ಚರ್ಮದ ಕಪ್ಪು ಕಲೆಗಳನ್ನು ತಗ್ಗಿಸುವ ಕ್ರೀಮುಗಳಲ್ಲಿ ಸಸ್ಯಜನ್ಯ ಸತ್ವಗಳಿಗೆ ಬೇಡಿಕೆ ಬೆಳೆಯಲು ಕಾನೂನಿನ ನಿರ್ಬಂಧಗಳೂ ಕಾರಣವಾಗಿವೆ. ಯುರೋಪಿಯನ್ ಒಕ್ಕೂಟವು ಚರ್ಮ ತಿಳಿಗೊಳಿಸುವ ಪ್ರಸಾಧನಗಳಲ್ಲಿ ಹೈಡ್ರೋಕ್ವಿನೋನ್ ಬಳಕೆಯನ್ನು 2001ರಲ್ಲಿ ನಿಷೇಧಿಸಿತು. ಭಾರತದ 2020ರ ಪ್ರಸಾಧನ ನಿಯಮಗಳು ಪಾದರಸದ ಸಂಯುಕ್ತಗಳನ್ನು ಸೇರಿಸುವುದನ್ನು ನಿಷೇಧಿಸಿವೆ. ಇವುಗಳ ಸ್ಥಾನವನ್ನು ತುಂಬುತ್ತಿರುವ ಸತ್ವಗಳಲ್ಲಿ ಜ್ಯೇಷ್ಠಮಧು ಪ್ರಮುಖವಾದುದು.

ಕಾರ್ಯವಿಧಾನ

ಚರ್ಮಕ್ಕೆ ಬಣ್ಣ ನೀಡುವ ಮೆಲನಿನ್ ಉತ್ಪಾದನೆಯ ಮೊದಲ ಹಂತಗಳನ್ನು ಟೈರೋಸಿನೇಸ್ ಎಂಬ, ತಾಮ್ರದ ಅಂಶವುಳ್ಳ ಕಿಣ್ವವು ನಡೆಸುತ್ತದೆ. ಜ್ಯೇಷ್ಠಮಧುವಿನ ಬೇರಿನಲ್ಲಿರುವ ಗ್ಲಾಬ್ರಿಡಿನ್ ಈ ಕಿಣ್ವಕ್ಕೆ ತಡೆಯೊಡ್ಡುತ್ತದೆ. ಬಿಸಿಲಿನಿಂದ ಹುಟ್ಟುವ ಉತ್ಕರ್ಷಕ ಕಣಗಳೂ ಮೆಲನಿನ್ ಉತ್ಪಾದನೆಯನ್ನು ಪ್ರಚೋದಿಸುವುದರಿಂದ, ಗ್ಲಾಬ್ರಿಡಿನ್‌ನ ಉತ್ಕರ್ಷಣ ನಿರೋಧಕ ಗುಣವೂ ಉಪಯುಕ್ತವಾಗಿದೆ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇ. 0.5ರ ಗ್ಲಾಬ್ರಿಡಿನ್ ಲೇಪನವು ಗಿನಿ ಪಿಗ್‌ಗಳ ಚರ್ಮದಲ್ಲಿ ನೇರಳಾತೀತ ಕಿರಣದಿಂದ ಉಂಟಾಗುವ ಕಪ್ಪಾಗುವಿಕೆಯನ್ನು ತಡೆಯಿತು. ಪ್ರಾಣಿಗಳ ಮೇಲಿನ ಇಂಥ ಫಲಿತಾಂಶವನ್ನು ಮಾನವರ ಚರ್ಮಕ್ಕೆ ಯಥಾವತ್ತಾಗಿ ಅನ್ವಯಿಸಲಾಗದು.

ಒಂದೇ ಬೇರು, ಎರಡು ಸತ್ವ

ಖರೀದಿದಾರರು ಎಡವುವುದು ಇಲ್ಲಿಯೇ. ಗ್ರಂಥಿಗೆ ಅಂಗಡಿಯ ಬೇರನ್ನು ನೀರಿನಲ್ಲಿ ಕುದಿಸಿ ಪಡೆದ ಸತ್ವದಲ್ಲಿ ಮುಖ್ಯವಾಗಿರುವುದು ಸಿಹಿ ರುಚಿಯ ಗ್ಲಿಸಿರೈಜಿನ್. ಗ್ಲಾಬ್ರಿಡಿನ್ ನೀರಿನಲ್ಲಿ ಕರಗದು. ಅದನ್ನು ಪಡೆಯಲು ಸಾವಯವ ದ್ರಾವಕ ಬೇಕು. ಗ್ಲಿಸಿರೈಜಾ ಗ್ಲಾಬ್ರಾ ಎಂಬ ಪ್ರಭೇದವೇ ಅದರ ಮೂಲ. ಚೀನಾದ ಉರಲೆನ್ಸಿಸ್ ಪ್ರಭೇದದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ‘ಜ್ಯೇಷ್ಠಮಧು ಸತ್ವ’ ಎಂಬ ಹೆಸರನ್ನಷ್ಟೇ ನಂಬಿ ಅಗ್ಗದ ಪುಡಿಯನ್ನು ಕೊಂಡ ತಯಾರಕನಿಗೆ ಉದ್ದೇಶಿತ ಫಲ ದೊರೆಯಲಾರದು.

‘10:1’ ಎಂಬ ನಮೂದು ಹತ್ತು ಕಿಲೋ ಬೇರಿನಿಂದ ಒಂದು ಕಿಲೋ ಸತ್ವ ಬಂದಿದೆಯೆಂದಷ್ಟೇ ತಿಳಿಸುತ್ತದೆ, ಗ್ಲಾಬ್ರಿಡಿನ್ ಎಷ್ಟಿದೆಯೆಂಬುದನ್ನಲ್ಲ.

ದರದ ಲೆಕ್ಕ

ಉದಾಹರಣೆಗೆ, 100 ಕಿಲೋ ಕ್ರೀಮಿನಲ್ಲಿ ಶೇ. 0.05ರಷ್ಟು ಗ್ಲಾಬ್ರಿಡಿನ್ ಇರಬೇಕೆಂದರೆ 50 ಗ್ರಾಂ ಬೇಕು. ಶೇ. 40ರ ಸತ್ವವಾದರೆ 125 ಗ್ರಾಂ ಸಾಕು, ಶೇ. 4ರದಾದರೆ 1.25 ಕಿಲೋ ಬೇಕು. ಆದಕಾರಣ ದರಪಟ್ಟಿಗಳನ್ನು ಕಿಲೋ ಲೆಕ್ಕದಲ್ಲಿ ಹೋಲಿಸದೆ, ಒಂದು ಗ್ರಾಂ ಗ್ಲಾಬ್ರಿಡಿನ್‌ಗೆ ತಗಲುವ ವೆಚ್ಚದ ಲೆಕ್ಕದಲ್ಲಿ ಹೋಲಿಸಬೇಕು.

ಪ್ರತಿ ಬ್ಯಾಚಿನೊಂದಿಗೆ ಎಚ್‌ಪಿಎಲ್‌ಸಿ ವಿಧಾನದ ಗ್ಲಾಬ್ರಿಡಿನ್ ಪ್ರಮಾಣ, ಉಳಿಕೆ ದ್ರಾವಕ, ಭಾರಲೋಹ ಹಾಗೂ ಸೂಕ್ಷ್ಮಜೀವಿಗಳ ಪರೀಕ್ಷಾ ವರದಿಯನ್ನು ಕೇಳಿ ಪಡೆಯುವುದು ಅವಶ್ಯ. ಡಿಪಿಪಿಎಚ್ ಪರೀಕ್ಷೆಯಲ್ಲಿ ನೇರಳೆ ದ್ರಾವಣದ ಬಣ್ಣ ಮಾಸಿದರೆ ಉತ್ಕರ್ಷಣ ನಿರೋಧಕ ಗುಣವಿದೆಯೆಂದು ತಿಳಿಯುತ್ತದೆಯೇ ಹೊರತು, ಕಲೆ ಮಾಯುವುದೆಂದಲ್ಲ. ಅಣಬೆಯ ಟೈರೋಸಿನೇಸ್ ಮೇಲಿನ ಫಲಿತಾಂಶಕ್ಕೂ ಇಂಥದೇ ಮಿತಿಯಿದೆ. ಮಾನವನ ಕಿಣ್ವವು ಅದಕ್ಕಿಂತ ಭಿನ್ನ.

ತಯಾರಿಕೆ ಮತ್ತು ಜಾಹೀರಾತು

ಗ್ಲಾಬ್ರಿಡಿನ್ ಬೆಳಕು, ಶಾಖ, ತೇವಾಂಶಗಳಿಂದ ಕೆಡುವುದರಿಂದ ಸತ್ವವನ್ನು ಬೆಳಕು ತೂರದ ಡಬ್ಬಿಯಲ್ಲಿ ತಂಪಾದೆಡೆ ಇಡಬೇಕು. ಕ್ರೀಮು ತಣಿಯುವ ಹಂತದಲ್ಲಿ, ಸೂಕ್ತ ಗ್ಲೈಕಾಲ್‌ನಲ್ಲಿ ಕರಗಿಸಿ ಸೇರಿಸುವುದು ಲೇಸು. ಕೆಲವು ತಿಂಗಳು ಇರಿಸಿ, ಬಣ್ಣ ಬದಲಾಗುವುದೇ ಎಂದು ಪರಿಶೀಲಿಸಿದ ಬಳಿಕವೇ ಮಾರುಕಟ್ಟೆಗೆ ಬಿಡಬೇಕು.

ರೋಗ ಗುಣಪಡಿಸುವುದಾಗಿ ಹೇಳಿಕೊಂಡರೆ ಉತ್ಪನ್ನವು ಪ್ರಸಾಧನದ ವ್ಯಾಪ್ತಿ ಮೀರಿ ಔಷಧವೆನಿಸುತ್ತದೆ. ಅದಕ್ಕೆ ಬೇರೆಯೇ ಪರವಾನಗಿ ಬೇಕು. ಕಪ್ಪು ಮೈಬಣ್ಣದವರನ್ನು ಕೀಳಾಗಿ ಬಿಂಬಿಸಬಾರದೆಂದು ಭಾರತೀಯ ಜಾಹೀರಾತು ಮಾನಕ ಮಂಡಳಿಯು 2014ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ‘ಬೆಳ್ಳಗಾಗುವಿರಿ’ ಎಂಬ ಆಶ್ವಾಸನೆಗಿಂತ, ಡಬ್ಬಿಯೊಳಗೆ ಏನು, ಎಷ್ಟು ಇದೆಯೆಂಬ ಸತ್ಯವನ್ನು ಹೇಳಬಲ್ಲ ತಯಾರಕನ ಸರಕೇ ಮಾರುಕಟ್ಟೆಯಲ್ಲಿ ಬಹುಕಾಲ ನಿಲ್ಲುತ್ತದೆ.